ಹೊಗೆ ತಪಾಸಣೆಯಲ್ಲಿ ಹಳೆಯ ಕಾರು ಸೋತಿದೆ: ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಲೇಬೇಕೇ?

ಹಳೆಯ ಸಂಗಾತಿ

ಎಲ್ಲರಿಗೂ ನಮಸ್ಕಾರ. ನನ್ನದು 1999ರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರಿನ ಇಂಜೆಕ್ಷನ್ ಎಂಜಿನ್, ಇದುವರೆಗೆ 2,10,000 ಕಿ.ಮೀ. ಓಡಿದೆ. ಕಳೆದ ವಾರ ಹೊಗೆ ತಪಾಸಣೆಯಲ್ಲಿ ಮೊದಲ ಬಾರಿಗೆ ಸೋತಿತು. ಚೀಟಿಯಲ್ಲಿರುವ ಅಂಕಿಗಳು ಹೀಗಿವೆ: ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 2.4, ಹೈಡ್ರೋಕಾರ್ಬನ್ 380 ಪಿಪಿಎಂ, ಲ್ಯಾಂಬ್ಡಾ 0.93. ಎಂಜಿನ್ ವೇಗವನ್ನು 2,500 ಆರ್‌ಪಿಎಂಗೆ ಏರಿಸಿದಾಗಲೂ ಹೆಚ್ಚೇನೂ ಬದಲಾಗಲಿಲ್ಲ.

ಬಹಳ ವರ್ಷಗಳಿಂದ ಈ ಕಾರನ್ನು ನೋಡಿಕೊಳ್ಳುತ್ತಿರುವ ಮೆಕ್ಯಾನಿಕ್ ಚೀಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, "ಕ್ಯಾಟ್ ಹೋಗಿದೆ, ಹೊಸದು ಹಾಕಬೇಕು, ಇಲ್ಲದಿದ್ದರೆ ಕತ್ತರಿಸಿ ನೇರ ಪೈಪು ಕೂಡಿಸಿಬಿಡೋಣ, ಮೈಲೇಜೂ ಹೆಚ್ಚುತ್ತದೆ" ಎಂದರು. ಕ್ಯಾಟ್ ಎಂದರೆ ಹೊಗೆಯ ಪೈಪಿನಲ್ಲಿ ಕುಳಿತು ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್. ನಾಲ್ಕೈದು ತಿಂಗಳಿಂದ ಮೈಲೇಜ್ ಇಳಿದಿರುವುದು ನಿಜ. ಗಾಡಿ ನಿಂತಾಗ ಕೆಲವೊಮ್ಮೆ ಕೊಳೆತ ಮೊಟ್ಟೆಯಂಥ ವಾಸನೆಯೂ ಬರುತ್ತದೆ. ಆದರೆ ಎಂಜಿನ್ ದೀಪ ಒಮ್ಮೆಯೂ ಹತ್ತಿಲ್ಲ. ಬಾನೆಟ್ ಎತ್ತಿದರೆ ಕಾಣುವ ಆ ರಬ್ಬರ್ ಕೊಳವೆಗಳು, ವಾಲ್ವುಗಳು, ಕಪ್ಪು ಡಬ್ಬಿ, ಇವುಗಳಲ್ಲಿ ಯಾವುದು ಏನು ಮಾಡುತ್ತದೆ ಎಂಬುದು ನನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ. ಕನ್ವರ್ಟರಿಗೆ ಕೈ ಹಾಕುವ ಮುನ್ನ ಬೇರೆ ಏನನ್ನಾದರೂ ನೋಡಬೇಕೇ? ತಿಳಿದವರು ದಯವಿಟ್ಟು ಹೇಳಿ.

ನೇರ ಪೈಪು

ನಿಮ್ಮ ಮೆಕ್ಯಾನಿಕ್ ಸರಿಯಾಗಿಯೇ ಹೇಳಿದ್ದಾರೆ, ಕತ್ತರಿಸಿ ಬಿಸಾಡಿ. ನಾನು ಎಂಟು ವರ್ಷಗಳಿಂದ ಕನ್ವರ್ಟರ್ ಇಲ್ಲದೆಯೇ ಗಾಡಿ ಓಡಿಸುತ್ತಿದ್ದೇನೆ, ಎಂಜಿನ್ ಹಗುರವಾಗಿ ಉಸಿರಾಡುತ್ತದೆ.

ನಾಲ್ಕು ಅನಿಲ

ನೇರ ಪೈಪು ಅವರೇ, ನೆಗಡಿ ಬಂದಿದೆಯೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಇದು. ಹಳೆಯ ಸಂಗಾತಿಯವರೇ, ನಾನು ಹೊಗೆ ಅಳೆಯುವ ಯಂತ್ರದ ಮುಂದೆ ಹಲವು ವರ್ಷ ಕುಳಿತವನು. ಆ ಅನುಭವದಿಂದ ಹೇಳುತ್ತೇನೆ: ನಿಮ್ಮ ಚೀಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಕಾರ್ಬನ್ ಮಾನಾಕ್ಸೈಡ್‌ನದ್ದಲ್ಲ, 0.93 ಎಂಬ ಲ್ಯಾಂಬ್ಡಾ.

ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬಿದ್ದರೆ ಎರಡೂ ಪೂರ್ಣವಾಗಿ ಖರ್ಚಾಗುತ್ತವೆ. ಅದನ್ನೇ ಲ್ಯಾಂಬ್ಡಾ 1 ಎನ್ನುತ್ತಾರೆ. ನಿಮ್ಮ ಎಂಜಿನ್ನಿಗೆ ಬೇಕಾದುದಕ್ಕಿಂತ ಶೇ. 7ರಷ್ಟು ಕಡಿಮೆ ಗಾಳಿ ಸಿಗುತ್ತಿದೆ, ಅಂದರೆ ಅದು ಪೆಟ್ರೋಲನ್ನು ಅತಿಯಾಗಿ ಕುಡಿಯುತ್ತಿದೆ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ರಿಚ್ ಆಗಿ ಓಡುತ್ತಿದೆ. ಕನ್ವರ್ಟರ್ ಹೊಗೆಯೊಳಗಿನ ಅನಿಲಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತದೆಯೇ ಹೊರತು, ಒಟ್ಟು ಇಂಗಾಲ ಮತ್ತು ಆಮ್ಲಜನಕದ ಲೆಕ್ಕವನ್ನು ಬದಲಿಸಲಾರದು. ಆದ್ದರಿಂದ ಅದರ ಮುಂದೆ ಅಳೆದರೂ ಹಿಂದೆ ಅಳೆದರೂ ಲ್ಯಾಂಬ್ಡಾ ಹೆಚ್ಚುಕಡಿಮೆ ಒಂದೇ. ಕಾರ್ಬನ್ ಮಾನಾಕ್ಸೈಡನ್ನು ಸುಡಲು ಕನ್ವರ್ಟರಿಗೂ ಆಮ್ಲಜನಕ ಬೇಕು. ಹೊಗೆಯಲ್ಲಿ ಅದೇ ಇಲ್ಲದಿದ್ದರೆ ಹೊಚ್ಚ ಹೊಸ ಕನ್ವರ್ಟರ್ ತಂದು ಹಾಕಿದರೂ ಚೀಟಿಯಲ್ಲಿ ಇವೇ ಅಂಕಿಗಳು ಬರುತ್ತವೆ, ಮೇಲಾಗಿ ಆ ಹೊಸದೂ ಬೇಗನೆ ಹಾಳಾಗುತ್ತದೆ.

ಇನ್ನು ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ಪೆಟ್ರೋಲಿನಲ್ಲಿರುವ ಅಲ್ಪ ಗಂಧಕವು ರಿಚ್ ಹೊಗೆಯ ಜೊತೆಗೆ ಬಿಸಿ ಕನ್ವರ್ಟರನ್ನು ಹಾದುಹೋಗುವಾಗ ಹುಟ್ಟುವ ಅನಿಲ. ಪೂರ್ತಿ ಸತ್ತ ಕನ್ವರ್ಟರ್ ಈ ವಾಸನೆ ಹುಟ್ಟಿಸುವುದಿಲ್ಲ. ನಿಮ್ಮದರಲ್ಲಿ ಇನ್ನೂ ಜೀವ ಇದೆ ಎಂಬುದಕ್ಕೆ ನಿಮ್ಮ ಮೂಗೇ ಸಾಕ್ಷಿ.

ಹದಿನಾಲ್ಕರ ಸ್ಪ್ಯಾನರ್

ನಾಲ್ಕು ಅನಿಲ ಅವರ ಮಾತಿಗೆ ನನ್ನ ಸಹಮತವಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗುತ್ತದೆ ಇದು. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಬಹುತೇಕ ಸಂದರ್ಭಗಳಲ್ಲಿ ಅದನ್ನು ಯಾರೋ ಕೊಂದಿರುತ್ತಾರೆ. ಒಂದು ಪ್ಲಗ್ ಕಿಡಿ ಕೊಡದೆ ಹಸಿ ಪೆಟ್ರೋಲ್ ಒಳಗೆ ಹೋಗಿ ಉರಿದರೆ ಜೇನುಗೂಡಿನಂಥ ಪಿಂಗಾಣಿ ಕರಗಿ ಮುದ್ದೆಯಾಗುತ್ತದೆ. ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಟ್ಟರೆ ಅದರೊಳಗಿನ ರಂಜಕ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಮೇಲೆ ಪದರವಾಗಿ ಕೂರುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲಂಟ್ ಬಂದರೂ ಅದೇ ಗತಿ. ಕೊಂದವರನ್ನು ಹಿಡಿಯದೆ ಹೊಸದು ಹಾಕುವುದು ವ್ಯರ್ಥ.

ನೀವು ಕೇಳಿದ ಕೊಳವೆಗಳ ವಿಷಯಕ್ಕೆ ಬರುತ್ತೇನೆ. ಮೊದಲು ಪಿಸಿವಿ ವಾಲ್ವನ್ನು ನೋಡಿ, ಏಕೆಂದರೆ ಅದು ಹೆಬ್ಬೆರಳಿನಷ್ಟೇ ಇದ್ದು ಎಲ್ಲರೂ ಮರೆಯುವ ಭಾಗ. ಪಿಸ್ಟನ್ ರಿಂಗುಗಳನ್ನು ತಪ್ಪಿಸಿಕೊಂಡು ಕೆಳಗಿಳಿಯುವ ಅನಿಲವನ್ನು, ಅಂದರೆ ಅರ್ಧಂಬರ್ಧ ಸುಟ್ಟ ಮತ್ತು ಸುಡದ ಪೆಟ್ರೋಲ್ ಆವಿಯನ್ನು, ಆಯಿಲ್ ಇರುವ ಕೋಣೆಯಿಂದ ಎಳೆದು ಮತ್ತೆ ಎಂಜಿನ್ನಿಗೇ ಉಣಿಸುವುದು ಅದರ ಕೆಲಸ. ಪರೀಕ್ಷೆ ಸುಲಭ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ವಾಲ್ವನ್ನು ಕವರಿನಿಂದ ಎಳೆದು ತೆಗೆದು ಬಾಯಿಗೆ ಹೆಬ್ಬೆರಳು ಇಡಿ. ಬೆರಳನ್ನು ಎಳೆದು ಹಿಡಿದಂತಾಗಬೇಕು, ಎಂಜಿನ್ ವೇಗ ಸ್ವಲ್ಪ ಕುಗ್ಗಬೇಕು. ಬಳಿಕ ಎಂಜಿನ್ ನಿಲ್ಲಿಸಿ ವಾಲ್ವನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಗುಂಡು ಟಕಟಕ ಎನ್ನಬೇಕು. ಸದ್ದೇ ಇಲ್ಲವೆಂದರೆ ಅದು ಆಯಿಲ್ ಜಿಡ್ಡಿನಿಂದ ಕಟ್ಟಿಕೊಂಡಿದೆ. ಹಾಗೆ ಕಟ್ಟಿಕೊಂಡಾಗ ಒಳಗಿನ ಒತ್ತಡ ಹೆಚ್ಚಿ ಗ್ಯಾಸ್ಕೆಟ್ಟುಗಳ ಸಂದಿಯಿಂದ ಆಯಿಲ್ ಹೊರಬರುತ್ತದೆ, ಏರ್ ಫಿಲ್ಟರಿಗೂ ಆಯಿಲ್ ಹಾರುತ್ತದೆ. ಒಂದು ಕಾರಿಗೆ ಎರಡು ಸಲ ಆಯಿಲ್ ಸೀಲ್ ಬದಲಿಸಿಯೂ ಸೋರಿಕೆ ನಿಲ್ಲದಿದ್ದಾಗ, ಕೊನೆಗೆ ಈ ವಾಲ್ವನ್ನು ನೋಡಿ ನಾಚಿಕೊಂಡವನು ನಾನೇ.

ನೇರ ಪೈಪು

ಇವೆಲ್ಲ ಎಂಜಿನ್ನಿನ ಕತ್ತು ಹಿಸುಕಲು ತಂದ ಉಪಕರಣಗಳು ಎಂಬುದೇ ನನ್ನ ಅಭಿಪ್ರಾಯ. ಸುಟ್ಟ ಹೊಗೆಯನ್ನು ಮತ್ತೆ ಸುಡಲು ಇಜಿಆರ್ ಅಂತೆ! ಒಮ್ಮೆ ಸುಟ್ಟ ಬೂದಿಯನ್ನು ಮತ್ತೆ ಒಲೆಗೆ ಹಾಕಿದರೆ ಬೆಂಕಿ ಬರುತ್ತದೆಯೇ ಸ್ವಾಮಿ?

ಹಳೆಯ ಪಾಠ

ಬರುವುದಿಲ್ಲ, ಬರಬಾರದೆಂದೇ ಅದನ್ನು ಹಾಕುವುದು. ತಾವು ಅರಿಯದೆಯೇ ಸರಿಯಾದ ಉತ್ತರ ಕೊಟ್ಟಿದ್ದೀರಿ. ಇಜಿಆರ್ ಇರುವುದು ಹೊಗೆಯನ್ನು ಮತ್ತೆ ಸುಡಲಿಕ್ಕಲ್ಲ. ಸುಟ್ಟ ಹೊಗೆಯನ್ನು, ಅಂದರೆ ಉರಿಯಲಾರದ ಅನಿಲವನ್ನು, ಒಳಬರುವ ಗಾಳಿಗೆ ಒಂದು ವಾಲ್ವಿನ ಮೂಲಕ ಸ್ವಲ್ಪ ಬೆರೆಸಿ ಸಿಲಿಂಡರಿನೊಳಗಿನ ಅತಿ ಹೆಚ್ಚಿನ ಶಾಖವನ್ನು ತಗ್ಗಿಸುವುದು ಅದರ ಉದ್ದೇಶ. ಗಾಳಿಯಲ್ಲಿರುವ ಸಾರಜನಕವು ಸಾಮಾನ್ಯವಾಗಿ ಯಾರ ಗೊಡವೆಗೂ ಹೋಗುವುದಿಲ್ಲ. ಆದರೆ ಶಾಖವು ಸುಮಾರು 1,370 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಆಮ್ಲಜನಕದೊಡನೆ ವೇಗವಾಗಿ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಇವು ಹೈಡ್ರೋಕಾರ್ಬನ್ನುಗಳ ಜೊತೆ ಬಿಸಿಲಿಗೆ ಸಿಕ್ಕಿದಾಗ ಹುಟ್ಟುವುದೇ ಕಣ್ಣುರಿಸುವ ಹೊಗೆಮಂಜು. ಲಾಸ್ ಏಂಜಲೀಸಿನ ಹೊಗೆಮಂಜಿನ ಮೂಲ ಇದೇ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಇಂದು ನಾವು ಬಾನೆಟ್ ಅಡಿಯಲ್ಲಿ ಕಾಣುವ ಕೊಳವೆಗಳ ವಂಶವೃಕ್ಷ ಅಲ್ಲಿಂದ ಶುರುವಾಗುತ್ತದೆ.

ಮೊದಲು ಬಂದದ್ದು ಸ್ಪ್ಯಾನರ್ ಅವರು ವಿವರಿಸಿದ ಪಿಸಿವಿ, 1961ರ ಮಾದರಿಯ ಕ್ಯಾಲಿಫೋರ್ನಿಯಾ ಕಾರುಗಳಲ್ಲಿ. ಅದಕ್ಕೆ ಮುನ್ನ ಆ ಆವಿಯನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು, ಕಾರು ಉಗುಳುತ್ತಿದ್ದ ಹೈಡ್ರೋಕಾರ್ಬನ್ನಿನ ಸುಮಾರು ಐದನೇ ಒಂದು ಪಾಲು ಹೀಗೆಯೇ ಹೊರಹೋಗುತ್ತಿತ್ತು. ಕನ್ವರ್ಟರ್ ಅಮೆರಿಕದ ಕಾರುಗಳಿಗೆ ವ್ಯಾಪಕವಾಗಿ ಬಂದದ್ದು 1975ರಲ್ಲಿ. ಸೀಸ ಬೆರೆತ ಪೆಟ್ರೋಲ್ ಅದರ ಒಳಪದರವನ್ನು ವಿಷದಂತೆ ಕೊಲ್ಲುತ್ತಿದ್ದುದರಿಂದ ಸೀಸವಿಲ್ಲದ ಪೆಟ್ರೋಲೂ ಅದರೊಡನೆಯೇ ಬರಬೇಕಾಯಿತು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ, ಕಡೆಯ ದೇಶ ಅಲ್ಜೀರಿಯಾ.

ನಾಲ್ಕು ಅನಿಲ

ಒಂದು ಸೇರ್ಪಡೆ. 1975ರ ಆ ಕನ್ವರ್ಟರುಗಳು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಎರಡನ್ನಷ್ಟೇ ನೋಡಿಕೊಳ್ಳುತ್ತಿದ್ದವು. ನೈಟ್ರೋಜನ್ ಆಕ್ಸೈಡನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ಹಿಡಿಯುವ ಕನ್ವರ್ಟರಿಗೆ ಲ್ಯಾಂಬ್ಡಾ 1ರ ಆಸುಪಾಸಿನ ಕಿರಿದಾದ ಕಿಂಡಿಯಲ್ಲೇ ಎಂಜಿನ್ ಓಡಬೇಕು. ಅದು ಸಾಧ್ಯವಾದದ್ದು 1976ರಲ್ಲಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್ ವೋಲ್ವೊ ಕಾರುಗಳಿಗೆ ಬಂದ ಮೇಲೆ. ಹಳೆಯ ಸಂಗಾತಿಯವರ ಕಾರಿನಲ್ಲಿಯೂ ಈಗ ವಿಚಾರಣೆಗೆ ಕರೆಯಬೇಕಾದದ್ದು ಆ ಸೆನ್ಸರನ್ನೇ. ಎಂಜಿನ್ ಬಿಸಿಯಾದ ಮೇಲೆ ಅದರ ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿದರೆ 0.1ರಿಂದ 0.9 ವೋಲ್ಟ್‌ಗಳ ನಡುವೆ ಅಂಕಿ ಓಲಾಡುತ್ತಿರಬೇಕು. 0.45ಕ್ಕಿಂತ ಮೇಲಿದ್ದರೆ ರಿಚ್, ಕೆಳಗಿದ್ದರೆ ಲೀನ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ನೋಡಿ ಹೇಳುತ್ತೀರಾ?

ಹಳೆಯ ಸಂಗಾತಿ

ಇಂದು ಬೆಳಿಗ್ಗೆ ಅರ್ಧ ಗಂಟೆ ಓಡಿಸಿ ಬಂದು ಅಳೆದೆ. ಅಂಕಿ ಓಲಾಡುತ್ತಿಲ್ಲ, 0.82ರಲ್ಲಿ ಕಟ್ಟಿಹಾಕಿದಂತೆ ನಿಂತಿದೆ. ಎಂಜಿನ್ ವೇಗ ಹೆಚ್ಚಿಸಿದರೂ ಅಷ್ಟೇ. ಹಾಗಾದರೆ ಸೆನ್ಸರ್ ಸತ್ತಿದೆ ಎಂದು ಅರ್ಥವೇ?

ಮೂರನೇ ಗೇರ್

ಸೆನ್ಸರ್ ಸತ್ತಿಲ್ಲ, ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಳಿ ಹೊಗೆ ಸೋರುತ್ತಿದೆ. ಸೆನ್ಸರಿಗಿಂತ ಮುಂಚೆ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರಿಗೆ ತಪ್ಪು ಮಾಹಿತಿ ಹೋಗುತ್ತದೆ, ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಹೆಚ್ಚಿಸುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ನನ್ನ ಕಾರಿನಲ್ಲಿ ಇದೇ ಆಗಿತ್ತು. ಗ್ಯಾಸ್ಕೆಟ್ ಬದಲಿಸಿದ ಮೇಲೆ ಸರಿಹೋಯಿತು.

ಹದಿನಾಲ್ಕರ ಸ್ಪ್ಯಾನರ್

ಮೂರನೇ ಗೇರ್ ಅವರೇ, ತಮ್ಮ ಕಾರಿನ ಕಥೆ ನಿಜವಿರಬಹುದು, ಆದರೆ ಈ ಕಾರಿಗೆ ಅದು ಹೊಂದುವುದಿಲ್ಲ. ಹೊರಗಿನ ಗಾಳಿ ಸೇರಿದರೆ ಸೆನ್ಸರ್ ಲೀನ್ ಎಂದು ತಿಳಿದು ವೋಲ್ಟೇಜ್ ಕೆಳಗಿಳಿಸಬೇಕಿತ್ತು. ಇಲ್ಲಿ ಅದು 0.82 ತೋರಿಸುತ್ತಿದೆ, ಅಂದರೆ ಹೊಗೆಯಲ್ಲಿ ಆಮ್ಲಜನಕವಿಲ್ಲ ಎಂದು ಕೂಗಿ ಹೇಳುತ್ತಿದೆ. ಯಂತ್ರದ ಚೀಟಿಯೂ ಅದನ್ನೇ ಹೇಳುತ್ತಿದೆ. ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗುವಾಗ ಮೂರನೆಯ ಕಥೆ ಏಕೆ?

ಸೆನ್ಸರಿನ ಜೀವ ನೋಡಲು ಇನ್ನೊಂದು ಪರೀಕ್ಷೆಯಿದೆ. ಮೀಟರ್ ಹಿಡಿದುಕೊಂಡೇ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ವ್ಯಾಕ್ಯೂಮ್ ಹೋಸ್ ಕಳಚಿ. ಹೊರಗಿನ ಗಾಳಿ ಒಳನುಗ್ಗಿದ ತಕ್ಷಣ ವೋಲ್ಟೇಜ್ ಬಿದ್ದರೆ ಸೆನ್ಸರ್ ಬದುಕಿದೆ.

ಮೂರನೇ ಗೇರ್

ಒಪ್ಪಿದೆ, ವೋಲ್ಟೇಜಿನ ದಿಕ್ಕನ್ನು ನಾನು ಗಮನಿಸಿರಲಿಲ್ಲ.

ಹಳೆಯ ಸಂಗಾತಿ

ಪಿಸಿವಿ ಹೋಸನ್ನೇ ಕಳಚಿ ನೋಡಿದೆ. ಎಂಜಿನ್ ಸ್ವಲ್ಪ ತಡವರಿಸಿತು, ಅಂಕಿ ಒಂದೇ ಕ್ಷಣದಲ್ಲಿ 0.82ರಿಂದ 0.15ಕ್ಕೆ ಬಿತ್ತು. ಹೋಸ್ ಸಿಕ್ಕಿಸಿದೊಡನೆ ಮತ್ತೆ 0.82. ಪಿಸಿವಿ ವಾಲ್ವ್ ಟಕಟಕ ಎನ್ನುತ್ತದೆ, ಬೆರಳನ್ನೂ ಎಳೆಯುತ್ತದೆ.

ಆವಿ ಹಿಡಿಯುವವ

ಹಾಗಾದರೆ ಹೆಚ್ಚುವರಿ ಪೆಟ್ರೋಲ್ ಎಲ್ಲಿಂದ ಬರುತ್ತಿದೆ ಎಂಬುದು ಪ್ರಶ್ನೆ. ಆ ಕಪ್ಪು ಡಬ್ಬಿಯ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದರ ಹೆಸರು ಚಾರ್ಕೋಲ್ ಕ್ಯಾನಿಸ್ಟರ್, ಒಳಗಿರುವುದು ಇದ್ದಿಲು. ಕಾರು ನಿಂತಿರುವಾಗ ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಹೀರಿಟ್ಟುಕೊಂಡು, ಓಡುವಾಗ ಪರ್ಜ್ ವಾಲ್ವ್ ಎಂಬ ಸಣ್ಣ ವಿದ್ಯುತ್ ವಾಲ್ವಿನ ಮೂಲಕ ಎಂಜಿನ್ನಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಈ ವಾಲ್ವ್ ಮುಚ್ಚದೆ ನಿಂತರೆ ಐಡ್ಲಿಂಗ್‌ನಲ್ಲಿಯೂ ಆವಿ ನುಗ್ಗುತ್ತದೆ, ಪೆಟ್ರೋಲ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಪಂಪು ತಾನಾಗಿ ನಿಂತ ಮೇಲೂ "ಇನ್ನೊಂದಿಷ್ಟು ಹಾಕಿ, ಅಂಚಿನವರೆಗೆ ಬರಲಿ" ಎನ್ನುವವರು ಈ ಡಬ್ಬಿಗೆ ಶತ್ರುಗಳು. ಹಾಗೆ ತುಂಬಿಸಿದಾಗ ಆವಿಯ ಬದಲು ದ್ರವವೇ ಡಬ್ಬಿಗಿಳಿದು ಇದ್ದಿಲು ತೊಯ್ದುಹೋಗುತ್ತದೆ, ಆಮೇಲೆ ಒಣಗಿ ಮೊದಲಿನಂತಾಗುವುದು ಕಷ್ಟ. ಪರ್ಜ್ ಹೋಸನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿದು ವೋಲ್ಟೇಜ್ ಇಳಿಯುತ್ತದೆಯೇ ನೋಡಿ. ರಬ್ಬರ್ ಹಳೆಯದಾದ್ದರಿಂದ ಇಕ್ಕಳದ ನಡುವೆ ಬಟ್ಟೆ ಇಡುವುದನ್ನು ಮರೆಯಬೇಡಿ.

ಹಳೆಯ ಸಂಗಾತಿ

ಒತ್ತಿ ಹಿಡಿದೆ, ಏನೂ ವ್ಯತ್ಯಾಸವಿಲ್ಲ. ಅಂಚಿನವರೆಗೆ ತುಂಬಿಸುವ ಚಟ ನನಗಿತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಕೂಲಂಟ್

ಓಡಿಸುವಾಗ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ?

ಹಳೆಯ ಸಂಗಾತಿ

ಕಾಲು ಭಾಗದ ಬಳಿ. ಮೊದಲು ಮಧ್ಯಕ್ಕೆ ಬರುತ್ತಿತ್ತು. ಎಂಜಿನ್ ತಂಪಾಗಿ ಓಡುತ್ತಿದೆಯೆಂದು ನಾನು ಸಂತೋಷವಾಗಿದ್ದೆ.

ಕೂಲಂಟ್

ಆ ಸಂತೋಷವೇ ನಿಮ್ಮ ಕಾಯಿಲೆ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ನನ್ನ ಊಹೆ. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು, ಹಿಂದೆ ಚೋಕ್ ಎಳೆಯುತ್ತಿದ್ದೆವಲ್ಲ, ಅದೇ ಕಾರಣಕ್ಕೆ. ಇಂಜೆಕ್ಷನ್ ಕಾರಿನಲ್ಲಿ ಆ ಕೆಲಸವನ್ನು ಇಸಿಯು ಮಾಡುತ್ತದೆ. ಕೂಲಂಟ್ ಸೆನ್ಸರ್ "ಎಂಜಿನ್ ಇನ್ನೂ ಬಿಸಿಯಾಗಿಲ್ಲ" ಎನ್ನುವವರೆಗೂ ಅದು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ. ಹಲವು ಹಳೆಯ ಕಾರುಗಳಲ್ಲಿ ಅಲ್ಲಿಯವರೆಗೆ ಆಕ್ಸಿಜನ್ ಸೆನ್ಸರಿನ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಸೆನ್ಸರ್ ಐದು ತಿಂಗಳಿಂದ ರಿಚ್, ರಿಚ್ ಎಂದು ಬಾಯಿ ಬಡಿದುಕೊಳ್ಳುತ್ತಿದೆ, ಕೇಳುವವರಿಲ್ಲ. ಎಂಜಿನ್ ದೀಪ ಹತ್ತದಿರುವುದಕ್ಕೂ ಇದೇ ಕಾರಣವಿರಬಹುದು: ಆ ಕಾಲದ ಇಸಿಯುವಿನ ದೃಷ್ಟಿಯಲ್ಲಿ ಯಾವ ಭಾಗವೂ ಕೆಟ್ಟಿಲ್ಲ, ಎಂಜಿನ್ ಬಿಸಿಯಾಗುವುದನ್ನು ಅದು ಕಾಯುತ್ತಿದೆ ಅಷ್ಟೇ.

ನಾಳೆ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರಿಗೆ ಹೋಗುವ ಮೇಲಿನ ದಪ್ಪ ಹೋಸಿನ ಮೇಲೆ ಅಂಗೈ ಇಡಿ, ಫ್ಯಾನಿನಿಂದ ಬಟ್ಟೆ ಮತ್ತು ಬೆರಳುಗಳು ದೂರವಿರಲಿ. ಥರ್ಮೋಸ್ಟಾಟ್ ಸರಿಯಾಗಿದ್ದರೆ ಹಲವು ನಿಮಿಷ ಹೋಸ್ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಕೆಟ್ಟಿದ್ದರೆ ಮೊದಲ ನಿಮಿಷಗಳಿಂದಲೇ ಉಗುರು ಬೆಚ್ಚಗೆ ಏರತೊಡಗುತ್ತದೆ.

ನೇರ ಪೈಪು

ನಾನು ಥರ್ಮೋಸ್ಟಾಟನ್ನೂ ತೆಗೆಸಿಬಿಟ್ಟಿದ್ದೇನೆ. ಎಂಜಿನ್ ತಂಪಾಗಿರುವುದು ಒಳ್ಳೆಯದಲ್ಲವೇ?

ಹದಿನಾಲ್ಕರ ಸ್ಪ್ಯಾನರ್

ನಿಮ್ಮ ಮೈಲೇಜ್ ಎಷ್ಟು ಎಂದು ಕೇಳಲು ನನಗೆ ಧೈರ್ಯವಿಲ್ಲ.

ನೇರ ಪೈಪು

ನನ್ನದು ಕಾರ್ಬ್ಯುರೇಟರ್ ಗಾಡಿ, ಅದಕ್ಕೆ ಇಸಿಯುವಿನ ಹಂಗಿಲ್ಲ. ಮೈಲೇಜ್ ನನಗೆ ತೃಪ್ತಿಕರವಾಗಿಯೇ ಇದೆ.

ಕಾರ್ಬ್ಯುರೇಟರ್ ಪ್ರೇಮಿ

ಕಾರ್ಬ್ಯುರೇಟರಿನ ಹೆಸರಿನಲ್ಲಿ ಹೀಗೆ ಹೇಳಬೇಡಿ. ಅದಕ್ಕೂ ಶಾಖ ಬೇಕು. 1980ರ ದಶಕದ ಎಷ್ಟೋ ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಯ ಮೂತಿಯೊಳಗೆ ಒಂದು ಸಣ್ಣ ಬಾಗಿಲಿದೆ. ಎಂಜಿನ್ ತಣ್ಣಗಿರುವಾಗ ಅದು ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಸುತ್ತಲಿನ ಬಿಸಿ ಗಾಳಿಯನ್ನು ಒಂದು ತಗಡಿನ ಕೊಳವೆಯ ಮೂಲಕ ಒಳಗೆ ಬಿಡುತ್ತದೆ, ಬಿಸಿಯಾದ ಮೇಲೆ ಹೊರಗಿನ ಗಾಳಿಗೆ ತಿರುಗುತ್ತದೆ. ಆ ಕೊಳವೆ ಹರಿದು ಬಿದ್ದು ಎಷ್ಟೋ ವರ್ಷವಾಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬೆಳಗಿನ ತಡವರಿಕೆ ತಾಳಲಾರದೆ ಮಿಶ್ರಣದ ಸ್ಕ್ರೂ ತಿರುಗಿಸಿ ರಿಚ್ ಮಾಡಿಬಿಡುತ್ತಾರೆ, ತಪಾಸಣೆಯಲ್ಲಿ ಸೋತಾಗ ಗಾಡಿಯ ವಯಸ್ಸನ್ನು ದೂರುತ್ತಾರೆ.

ನನ್ನ ಕಾರಿನ ಬಾನೆಟ್ ಅಡಿಯಲ್ಲಿ ವ್ಯಾಕ್ಯೂಮ್ ಹೋಸುಗಳ ನಕ್ಷೆಯ ಸ್ಟಿಕರ್ ಇನ್ನೂ ಉಳಿದಿದೆ. ಹಳೆಯ ಕಾರು ಕೊಳ್ಳುವವರು ಬಣ್ಣ ನೋಡುವ ಮುನ್ನ ಆ ಸ್ಟಿಕರ್ ಇದೆಯೇ ಎಂದು ನೋಡಬೇಕೆಂಬುದು ನನ್ನ ಹಠ. ಹೋಸುಗಳನ್ನು ಬದಲಿಸುವಾಗ ಒಂದೊಂದಾಗಿ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಕಳಚಿದವರು ಸಂಜೆಯವರೆಗೆ ನಕ್ಷೆಯ ಮುಂದೆ ಕೂರಬೇಕಾಗುತ್ತದೆ. ತುದಿಗಳು ಗಟ್ಟಿಯಾಗಿ ಸೀಳಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ಮತ್ತೆ ಸಿಕ್ಕಿಸುವ ಚಾಳಿಯೂ ಬೇಡ, ಉಳಿದ ರಬ್ಬರಿಗೂ ಅಷ್ಟೇ ವಯಸ್ಸಾಗಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಬಳಸುವವರು ಇಂಧನದ ಹೋಸುಗಳನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ.

ಏರುದಾರಿ

ಇಜಿಆರ್ ಮಾತು ಬಂದದ್ದರಿಂದ ನನ್ನದೊಂದು ಪ್ರಶ್ನೆ. ನನ್ನ ಕಾರು ಏರಿನಲ್ಲಿ ಕಟಕಟ ಎಂದು ನಾಕಿಂಗ್ ಮಾಡುತ್ತದೆ, ಮಟ್ಟಸ ರಸ್ತೆಯಲ್ಲಿ ಸದ್ದಿಲ್ಲ. ಇಗ್ನಿಷನ್ ಟೈಮಿಂಗ್ ಸರಿಯಿದೆ ಎನ್ನುತ್ತಾರೆ. ಇಜಿಆರ್ ಕಾರಣವಿರಬಹುದೇ?

ಹದಿನಾಲ್ಕರ ಸ್ಪ್ಯಾನರ್

ಇರಬಹುದು. ಮುಚ್ಚಿದ ಸ್ಥಿತಿಯಲ್ಲಿ ಕಟ್ಟಿಕೊಂಡ ಇಜಿಆರ್ ನಾಕಿಂಗ್ ತರುತ್ತದೆ, ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಐಡ್ಲಿಂಗ್ ಕೆಡುತ್ತದೆ. ನಿಮ್ಮದು ವ್ಯಾಕ್ಯೂಮ್‌ನಿಂದ ತೆರೆಯುವ ಮಾದರಿಯಾಗಿದ್ದರೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕೈ ಪಂಪಿನಿಂದ ವಾಲ್ವಿಗೆ ವ್ಯಾಕ್ಯೂಮ್ ಕೊಡಿ. ಎಂಜಿನ್ ನಡುಗಬೇಕು, ನಿಂತರೂ ನಿಲ್ಲಬಹುದು, ಅದು ಆರೋಗ್ಯದ ಲಕ್ಷಣ. ಪಂಪಿನ ಮುಳ್ಳು ನಿಲ್ಲದೆ ಇಳಿದುಹೋದರೆ ಡಯಾಫ್ರಂ ಹರಿದಿದೆ. ಮುಳ್ಳು ನಿಂತು, ವಾಲ್ವಿನ ಕಡ್ಡಿ ಮೇಲೆದ್ದು, ಎಂಜಿನ್ನಿಗೆ ಮಾತ್ರ ಏನೂ ಆಗದಿದ್ದರೆ ವಾಲ್ವಿನ ಕೆಳಗಿನ ದಾರಿ ಮಸಿಯಿಂದ ಮುಚ್ಚಿದೆ ಎಂದರ್ಥ. ಅನೇಕರು ಇಲ್ಲಿ ಎಡವುತ್ತಾರೆ. ವಾಲ್ವನ್ನು ಹೊಳೆಯುವಂತೆ ತೊಳೆದು ಹಾಕುತ್ತಾರೆ, ಮ್ಯಾನಿಫೋಲ್ಡಿನೊಳಗಿನ ದಾರಿಗೆ ಕಡ್ಡಿಯನ್ನೂ ಆಡಿಸುವುದಿಲ್ಲ. ಮಸಿ ಕೆರೆಯುವಾಗ ಚೂರುಗಳು ಒಳಗೆ ಬೀಳದಂತೆ ನೋಡಿಕೊಳ್ಳಿ, ಕ್ಲೀನರ್ ದ್ರವ ಡಯಾಫ್ರಮಿಗೆ ತಾಗದಿರಲಿ.

ದಾರಿ ಶುದ್ಧವಾಗಿದ್ದೂ ನಾಕಿಂಗ್ ನಿಲ್ಲದಿದ್ದರೆ ಸಿಲಿಂಡರ್ ಹೆಡ್ಡಿನಲ್ಲಿ ಕಟ್ಟಿರುವ ಕಾರ್ಬನ್ ಕಡೆಗೆ ನೋಡಬೇಕಾಗುತ್ತದೆ.

ಹಳೆಯ ಸಂಗಾತಿ

ಎಲ್ಲರಿಗೂ ವರದಿ ಒಪ್ಪಿಸಬೇಕಾದ ಸಮಯ ಬಂದಿದೆ. ಬೆಳಿಗ್ಗೆ ಹೋಸಿನ ಮೇಲೆ ಕೈಯಿಟ್ಟಾಗ ಎರಡು ನಿಮಿಷ ಕಳೆಯುವ ಮೊದಲೇ ಬೆಚ್ಚಗಾಯಿತು. ಇಪ್ಪತ್ತು ನಿಮಿಷ ಓಡಿಸಿ ಬಂದು ಥರ್ಮೋಸ್ಟಾಟ್ ಕವಚಕ್ಕೆ ಇನ್‌ಫ್ರಾರೆಡ್ ಮಾಪಕ ಹಿಡಿದರೆ 56 ಡಿಗ್ರಿ. ಎಂಜಿನ್ ಪೂರ್ತಿ ಆರಿದ ಮೇಲೆ ಕವಚ ಬಿಚ್ಚಿದೆ. ಥರ್ಮೋಸ್ಟಾಟ್ ಮೇಲೆ 88 ಎಂದು ಅಚ್ಚಾಗಿತ್ತು, ಆದರೆ ಅಂಗೈಯಲ್ಲಿ ತಣ್ಣಗೆ ಕುಳಿತಿರುವಾಗಲೇ ಅದರ ಬಾಯಿ ಉಗುರು ತೂರುವಷ್ಟು ತೆರೆದಿತ್ತು. ಅಂಚಿನಲ್ಲಿ ತುಕ್ಕಿನ ಒಂದು ಹಳಕು ಸಿಕ್ಕಿಕೊಂಡು ಮುಚ್ಚಲು ಬಿಡುತ್ತಿರಲಿಲ್ಲ. ಹೊಸದನ್ನು ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದೆ, ಮುಟ್ಟಬೇಕಾದ ಶಾಖ ಮುಟ್ಟಿದ ಮೇಲೆಯೇ ಬಾಯಿ ಬಿಟ್ಟಿತು.

ಈಗ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತಿದೆ. ಮೀಟರಿನಲ್ಲಿ ಅಂಕಿ 0.2ರಿಂದ 0.8ರವರೆಗೆ ಓಲಾಡುವುದನ್ನು ನೋಡಿ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಮರುತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 110, ಲ್ಯಾಂಬ್ಡಾ 1.00. ಉತ್ತೀರ್ಣ. ಕನ್ವರ್ಟರ್ ಹಳೆಯದೇ.

ನಾಲ್ಕು ಅನಿಲ

ಅಭಿನಂದನೆಗಳು. ಎರಡು ಕೆಲಸ ಬಾಕಿ ಇವೆ. ಐದು ತಿಂಗಳು ರಿಚ್ ಆಗಿ ಓಡಿದ್ದರಿಂದ ಪೆಟ್ರೋಲ್ ಆಯಿಲ್‌ಗೆ ಇಳಿದಿರುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ವಾಸನೆ ಇದ್ದರೆ ಅವಧಿಗೆ ಕಾಯದೆ ಆಯಿಲ್ ಬದಲಿಸಿ. ಎರಡನೆಯದು, ಶೇ. 0.3 ಎನ್ನುವುದು ತೇರ್ಗಡೆಯ ಅಂಕಿಯಾದರೂ ಚುರುಕಾದ ಕನ್ವರ್ಟರಿನ ಅಂಕಿಯಲ್ಲ. 2,500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ, ಹತ್ತು ಸೆಕೆಂಡಿನಲ್ಲಿ ಸೆನ್ಸರ್ ಎಷ್ಟು ಸಲ ಓಲಾಡುತ್ತದೆ ಎಂದು ಎಣಿಸಿ.

ಹಳೆಯ ಸಂಗಾತಿ

ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ಬಂಕಿನ ನೆನಪಾಯಿತು, ಆಯಿಲ್ ಬದಲಿಸಿದೆ. ಓಲಾಟ ಹತ್ತು ಸೆಕೆಂಡಿಗೆ ಮೂರು ಸಲ ಮಾತ್ರ.

ನಾಲ್ಕು ಅನಿಲ

ಏಳೆಂಟು ಸಲವಾದರೂ ಆಗಬೇಕಿತ್ತು. ಸೆನ್ಸರಿಗೆ ವಯಸ್ಸಾಗಿದೆ. ಕಾರು ಬಂದಾಗಿನ ಸೆನ್ಸರೇ ಆಗಿದ್ದರೆ ಅದು ತನ್ನ ಪಾಲಿನ ದುಡಿಮೆಯನ್ನು ಎಂದೋ ಮುಗಿಸಿದೆ. ಒಳಗೆ ಹೀಟರ್ ಇರುವ ಸೆನ್ಸರುಗಳಿಗೂ 1,60,000 ಕಿ.ಮೀ. ಎಂದರೆ ದೀರ್ಘಾಯುಷ್ಯ, ಒಂದೇ ವೈರಿನ ಹಳೆಯ ಮಾದರಿಗೆ ಅದರ ಅರ್ಧ. ಕನ್ವರ್ಟರಿನ ಮೇಲೆ ತೀರ್ಪು ಕೊಡುವುದು ಹೊಸ ಸೆನ್ಸರ್ ಬಂದ ಮೇಲೆ ಇರಲಿ.

ಮೂರನೇ ಗೇರ್

ಬಿಚ್ಚುವಾಗ ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ತಣ್ಣಗಿದ್ದರೆ ಥ್ರೆಡ್ ಕಿತ್ತು ಬರುವ ಸಂಭವ ಹೆಚ್ಚು. ಈ ಬಾರಿ ನಾನು ಹೇಳುತ್ತಿರುವುದು ಸರಿ ಎಂಬ ನಂಬಿಕೆ ನನಗಿದೆ.

ಹದಿನಾಲ್ಕರ ಸ್ಪ್ಯಾನರ್

ಸರಿಯಾಗಿದೆ. ವೈರ್ ತೂರಿಸಲು ಸೀಳು ಇರುವ ಸಾಕೆಟ್ ಬಳಸಿ. ಹೊಸ ಸೆನ್ಸರಿನ ಥ್ರೆಡ್ಡಿಗೆ ಸಾಮಾನ್ಯವಾಗಿ ಕಂಪನಿಯೇ ಅದು ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್ ಹಚ್ಚಿರುತ್ತದೆ. ಹಚ್ಚಿಲ್ಲದಿದ್ದರೆ ಥ್ರೆಡ್ಡಿಗೆ ಮಾತ್ರ ತೆಳುವಾಗಿ ಹಚ್ಚಿ, ತುದಿಗೆ ತಾಗಿಸಬೇಡಿ. ಗ್ಯಾಸ್ಕೆಟ್ಟಿಗೆ ಹಚ್ಚುವ ಮಾಮೂಲಿ ಸಿಲಿಕೋನನ್ನು ಅದರ ಹತ್ತಿರ ತರಲೇಬೇಡಿ, ಅದರ ಆವಿಯೇ ಸೆನ್ಸರನ್ನು ಕುರುಡಾಗಿಸುತ್ತದೆ.

ನೇರ ಪೈಪು

ಥರ್ಮೋಸ್ಟಾಟ್ ಹಾಕಿಸುವಾಗ ಅದರ ಕೆಳಗಿನ ಗ್ಯಾಸ್ಕೆಟ್ ಹೊಸದೇ ಬೇಕೇ, ಹಳೆಯದೇ ನಡೆಯುತ್ತದೆಯೇ? ಸ್ನೇಹಿತರೊಬ್ಬರ ಪರವಾಗಿ ಕೇಳುತ್ತಿದ್ದೇನೆ.

ಕೂಲಂಟ್

ಹೊಸದೇ ಬೇಕು. ಥರ್ಮೋಸ್ಟಾಟಿನ ಅಂಚಿನಲ್ಲಿ ಗಾಳಿ ಹೋಗುವ ಸಣ್ಣ ರಂಧ್ರವಿದ್ದರೆ ಅದು ಮೇಲ್ಮುಖವಾಗಿ ಕೂರಬೇಕೆಂದು ನಿಮ್ಮ ಸ್ನೇಹಿತರಿಗೆ ತಿಳಿಸಿ.